ಬ್ರೆಜಿಲ್ ಕಾಫಿ: ದರದ ಸುದ್ದಿಯಲ್ಲಿ ಕಾಣದ ಕೈಗಳು

ಪೋಸ್ಟ್ ಸ್ವಲ್ಪ ಉದ್ದ ಇದೆ. ಬಿಡುವಿದ್ದಾಗ ಓದಿ, ಆದ್ರೆ ಪೂರ್ತಿ ಓದಿ.

ನಮ್ಮ ಆಫೀಸಿನಲ್ಲಿ ಒಬ್ಬರು ಸಹೋದ್ಯೋಗಿ ಇದ್ದಾರೆ. ಮಲೆನಾಡಿನ ಕಡೆಯವರು, ಮನೆಯಲ್ಲಿ ಕಾಫಿ ತೋಟ ಇದೆ. ಒಳ್ಳೇ ಮನುಷ್ಯ, ಮಧ್ಯಾಹ್ನ ಒಟ್ಟಿಗೇ ಊಟ ಮಾಡ್ತೀವಿ. 2025ರ ಶುರುವಿನಲ್ಲಿ ಅವರು ದಿನಾ ಬೆಳಿಗ್ಗೆ ಕುರ್ಚಿಗೆ ಕೂತ ಕೂಡಲೇ ಮೊಬೈಲ್ ತೆಗೆದು ನ್ಯೂಯಾರ್ಕ್ ದರ, ಲಂಡನ್ ದರ ನೋಡೋರು. ಒಂದಿನ ಖುಷಿಯಾಗಿ, "ಬ್ರೆಜಿಲ್‌ನಲ್ಲಿ ಮಳೆ ಕೈಕೊಟ್ಟಿದೆ ಕಣ್ರೀ, ನಮಗೆ ಹಬ್ಬ" ಅಂದ್ರು. ನಾನು ಸುಮ್ಮನಿರದೆ, "ಹಾಗಾದ್ರೆ ಹಣ್ಣು ಕುಯ್ಯೋರಿಗೂ ಹಬ್ಬನಾ ಸಾರ್, ಕೂಲಿ ಎಷ್ಟು ಜಾಸ್ತಿ ಮಾಡಿದ್ರಿ?" ಅಂತ ಕೇಳಿದೆ. ಅವರು ನಕ್ಕು, "ಅವರಿಗೂ ಬ್ರೆಜಿಲ್‌ಗೂ ಏನ್ರೀ ಸಂಬಂಧ?" ಅಂದ್ರು.

ಕೆಟ್ಟದಾಗಿ ಹೇಳಿದ್ದಲ್ಲ, ಸಹಜವಾಗಿ ಹೇಳಿದ್ದು. ಅದಕ್ಕೇ ಆ ಮಾತು ತಲೆಯಲ್ಲಿ ಉಳಿದುಬಿಡ್ತು. ನನ್ನಜ್ಜಿ ಬಯಲುಸೀಮೆಯಿಂದ ಮೇಸ್ತ್ರಿ ಹಿಂದೆ ಘಟ್ಟಕ್ಕೆ ಹೋಗಿ ಕಾಫಿ ಹಣ್ಣು ಕುಯ್ದು ಬಂದವಳು. ಅವಳಿಗೂ ಬ್ರೆಜಿಲ್‌ಗೂ ಏನು ಸಂಬಂಧ? ಉತ್ತರ ಹುಡುಕುತ್ತಾ ಆ ದೇಶದ ಕಾಫಿ ಚರಿತ್ರೆ ಓದೋಕೆ ಶುರುಮಾಡಿದೆ. ಓದಿದ್ದನ್ನು ನಿಮ್ಮ ಮುಂದೆ ಇಡ್ತಾ ಇದ್ದೀನಿ.

ಮೊದಲು ಮಾರುಕಟ್ಟೆಯ ಲೆಕ್ಕ. ಪ್ರಪಂಚದ ಕಾಫಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಬೆಳೆಯೋದು ಬ್ರೆಜಿಲ್ ಒಂದೇ. ವರ್ಷಕ್ಕೆ 60 ಕೆಜಿಯ 5 ಕೋಟಿಗೂ ಹೆಚ್ಚು ಚೀಲ. ಹಾಗಾಗಿ ಅಲ್ಲಿ ಬರ ಬಂದರೆ, ಜುಲೈ ಚಳಿಗೆ ಹಿಮ ಬಿದ್ದು ಗಿಡ ಸುಟ್ಟರೆ, ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ದರ ಏರುತ್ತೆ, ಲಂಡನ್ ಪೇಟೆಯಲ್ಲಿ ರೊಬಸ್ಟಾ ಏರುತ್ತೆ, ಮಾರನೇ ದಿನ ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿಯಲ್ಲಿ ವ್ಯಾಪಾರಿಗಳು ಬೋರ್ಡಿನ ಮೇಲಿನ ದರ ಅಳಿಸಿ ಹೊಸದು ಬರೀತಾರೆ. ನಮ್ಮ ದೇಶದ ಕಾಫಿಯಲ್ಲಿ ಸುಮಾರು 70 ಭಾಗ ಕರ್ನಾಟಕದ್ದು, ಅದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತೆ. ಹಾಗಾಗಿ ಬ್ರೆಜಿಲ್‌ನ ಆಕಾಶ ನೋಡದೆ ನಮ್ಮ ಮಲೆನಾಡಿನ ಪ್ಲಾಂಟರಿಗೆ ನಿದ್ದೆ ಬರಲ್ಲ.

1975ರ ಜುಲೈನಲ್ಲಿ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಅಂಥ ಹಿಮ ಬಿತ್ತು. ಅದನ್ನು ಅಲ್ಲಿ 'ಕಪ್ಪು ಹಿಮ' ಅಂತಾರೆ. ಕೋಟಿಗಟ್ಟಲೆ ಗಿಡ ಸತ್ತು, 1977ರ ಹೊತ್ತಿಗೆ ದರ ದಾಖಲೆ ಮುಟ್ಟಿತು. ಆ ದಾಖಲೆ ಮುರಿದಿದ್ದು 2024ರ ಡಿಸೆಂಬರಿನಲ್ಲಿ, ಬರದಿಂದ. 2025ರ ಫೆಬ್ರವರಿಯಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಆಮೇಲೆ ಅದೇ ಆಗಸ್ಟಿನಲ್ಲಿ ಅಮೆರಿಕ ಬ್ರೆಜಿಲ್ ಸರಕಿನ ಮೇಲೆ 50 ಪರ್ಸೆಂಟ್ ಸುಂಕ ಹಾಕಿತು. ಕಾಫಿ ಕುಡಿಯೋ ಅಮೆರಿಕನ್ನರ ಜೇಬಿಗೇ ಕತ್ತರಿ ಬಿತ್ತು, ನವೆಂಬರಿನಲ್ಲಿ ಕಾಫಿಯನ್ನು ಆ ಹೆಚ್ಚುವರಿ ಸುಂಕದಿಂದ ಬಿಟ್ಟರು.

ಈ ಬೆಳೆ ಅಂದಾಜು ಹೇಳೋಕೆ ಬ್ರೆಜಿಲ್ ಸರ್ಕಾರದ ಕೊನಾಬ್ ಅನ್ನೋ ಸಂಸ್ಥೆ ಇದೆ, ಅಮೆರಿಕದ ಕೃಷಿ ಇಲಾಖೆಯೂ ವರದಿ ಕೊಡುತ್ತೆ. ಎಷ್ಟು ಹೆಕ್ಟೇರ್, ಎಷ್ಟು ಇಳುವರಿ, ಎಷ್ಟು ಚೀಲ, ಎಷ್ಟು ದಾಸ್ತಾನು, ಎಷ್ಟು ರಫ್ತು. ಎಲ್ಲಾ ಇರುತ್ತೆ. ಆ ಚೀಲ ತುಂಬಿದ ಕೈ ಯಾರದ್ದು ಅನ್ನೋದಕ್ಕೆ ಮಾತ್ರ ಅಲ್ಲಿ ಕಾಲಂ ಇಲ್ಲ. ನಾನು ಗುಮಾಸ್ತ, ಇಪ್ಪತ್ತು ವರ್ಷದಿಂದ ಕಾಲಂ ತುಂಬೋ ಕೆಲಸ ಮಾಡ್ತಾ ಇದ್ದೀನಿ. ಯಾವುದಕ್ಕೆ ಕಾಲಂ ಇಲ್ಲವೋ ಅದು ಸರ್ಕಾರದ ಕಣ್ಣಿಗೆ ಇಲ್ಲವೇ ಇಲ್ಲ.

ಈಗ ಚರಿತ್ರೆಗೆ ಬರೋಣ.

ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ಅಮೆರಿಕ ಖಂಡಗಳಿಗೆ ತಂದು ಇಳಿಸಿದ ಜನ ಒಂದು ಕೋಟಿಗೂ ಹೆಚ್ಚು. ಗುಲಾಮಗಿರಿ ಅಂದ ಕೂಡಲೇ ನಮಗೆ ಅಮೆರಿಕ ಸಂಯುಕ್ತ ಸಂಸ್ಥಾನ, ಹತ್ತಿ, ಅಬ್ರಹಾಂ ಲಿಂಕನ್ ನೆನಪಾಗ್ತಾರೆ. ಆದ್ರೆ ಆಫ್ರಿಕಾದಿಂದ ನೇರವಾಗಿ ಆ ದೇಶಕ್ಕೆ ತಂದವರು ಸುಮಾರು 4 ಲಕ್ಷ. ಬ್ರೆಜಿಲ್‌ಗೆ ತಂದವರು ಸುಮಾರು 48 ಲಕ್ಷ. ಹನ್ನೆರಡು ಪಟ್ಟು. ರಿಯೋ ಡಿ ಜನೈರೋದ ವಲೊಂಗೊ ಅನ್ನೋ ಒಂದೇ ಕಟ್ಟೆಯಲ್ಲಿ ಅಂದಾಜು 9 ಲಕ್ಷ ಜನರನ್ನು ಇಳಿಸಿದ್ದರು. ಆಮೇಲೆ ಅದರ ಮೇಲೆ ಕಲ್ಲು ಹಾಸಿ, ಮಣ್ಣು ಮುಚ್ಚಿ, ಮರೆತರು. 2011ರಲ್ಲಿ ಬಂದರು ಪ್ರದೇಶದ ಕಾಮಗಾರಿಗೆ ಅಗೆಯುವಾಗ ಆ ಕಟ್ಟೆ ಮತ್ತೆ ಎದ್ದು ಬಂತು. 2017ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಶುರುವಿನಲ್ಲಿ ಈ ಜನರನ್ನು ಸವೆಸಿದ್ದು ಕಬ್ಬು ಮತ್ತು ಚಿನ್ನದ ಗಣಿ. 1800ರ ನಂತರ ಆ ಜಾಗಕ್ಕೆ ಕಾಫಿ ಬಂತು. ರಿಯೋದಿಂದ ಒಳಗೆ ಪರೈಬಾ ನದಿ ಕಣಿವೆಯಲ್ಲಿ ಕಾಡಿಗೆ ಬೆಂಕಿ ಹಾಕಿ ಗುಡ್ಡಗಳ ಮೇಲೆ ತೋಟ ಎಬ್ಬಿಸಿದರು. ನಮ್ಮಲ್ಲಿ ಕಾಫಿಗೆ ಮರದ ನೆರಳು ಇರುತ್ತೆ. ಅಲ್ಲಿ ನೆರಳಿಲ್ಲ, ಬಟಾಬಯಲು. ಗಿಡದ ಸಾಲುಗಳನ್ನು ಗುಡ್ಡಕ್ಕೆ ಅಡ್ಡಲಾಗಿ ಹಾಕದೆ ಕೆಳಗಿಂದ ಮೇಲಕ್ಕೆ ನೇರವಾಗಿ ಹಾಕ್ತಿದ್ದರು. ಹಾಗೆ ಮಾಡಿದ್ರೆ ಮಳೆಗೆ ಮಣ್ಣು ಕೊಚ್ಚಿಹೋಗುತ್ತೆ. ಆದ್ರೂ ಹಾಗೇ ಹಾಕಿದರು, ಯಾಕಂದ್ರೆ ಕೆಳಗೆ ನಿಂತ ಉಸ್ತುವಾರಿಯವನಿಗೆ ಸಾಲಿನ ತುದಿವರೆಗೂ ಪ್ರತಿ ಗುಲಾಮನ ಬೆನ್ನು ಕಾಣಬೇಕಿತ್ತು. ಕಾವಲಿಗೋಸ್ಕರ ಮಣ್ಣನ್ನೂ ಕಳಕೊಂಡರು. ಕೆಲವೇ ದಶಕಗಳಲ್ಲಿ ಆ ಕಣಿವೆಯ ನೆಲ ಬಂಜರಾಯ್ತು, ಕಾಫಿ ಪಶ್ಚಿಮಕ್ಕೆ, ಸಾವೊ ಪಾಲೊ ಕಡೆಗೆ ನಡೆದುಹೋಯ್ತು.

ಜನ ಸುಮ್ಮನಿದ್ದರು ಅಂದ್ಕೋಬೇಡಿ. 1838ರಲ್ಲಿ ಅದೇ ಕಣಿವೆಯಲ್ಲಿ ಮಾನುವೆಲ್ ಕಾಂಗೊ ಅನ್ನೋ ಗುಲಾಮ ನೂರಾರು ಜನರನ್ನು ಕಟ್ಟಿಕೊಂಡು ತೋಟ ಬಿಟ್ಟು ಕಾಡು ಸೇರಿದ. ಜೊತೆಗೆ ಮರಿಯಾನಾ ಕ್ರಿಯೊಲಾ ಅನ್ನೋ ಹೆಣ್ಣುಮಗಳು. ಇವನನ್ನು ರಾಜ ಅಂತ, ಅವಳನ್ನು ರಾಣಿ ಅಂತ ಆ ಜನ ಕರೆದರು. ಸೈನ್ಯ ಬಂತು. 1839ರಲ್ಲಿ ಮಾನುವೆಲ್ ಕಾಂಗೊನನ್ನು ನೇಣಿಗೆ ಹಾಕಿದರು.

ಈಗ ನಾನು ಹೇಳಬೇಕು ಅಂದ್ಕೊಂಡ ಮುಖ್ಯ ವಿಷಯ. 1850ನೇ ಇಸವಿ ನೆನಪಿಟ್ಕೊಳ್ಳಿ.

ಬ್ರಿಟಿಷರ ಒತ್ತಡಕ್ಕೆ ಬ್ರೆಜಿಲ್ 1831ರಲ್ಲೇ ಆಫ್ರಿಕಾದಿಂದ ಗುಲಾಮರನ್ನು ತರಬಾರದು ಅಂತ ಕಾನೂನು ಮಾಡಿತ್ತು. ಕಾನೂನು ಕಾಗದದಲ್ಲಿ, ಹಡಗು ಸಮುದ್ರದಲ್ಲಿ. ಇವತ್ತಿಗೂ ಅಲ್ಲಿ ತೋರಿಕೆಗೆ ಮಾಡಿದ ಕೆಲಸಕ್ಕೆ 'ಇಂಗ್ಲಿಷರು ನೋಡಲಿ ಅಂತ' ಎನ್ನೋ ಮಾತಿದೆ. ಕೊನೆಗೆ 1850ರ ಸೆಪ್ಟೆಂಬರ್ 4ರಂದು ನಿಜವಾಗಿ ಜಾರಿಯಾದ ಕಾನೂನು ಬಂತು, ಹಡಗುಗಳು ನಿಂತವು. ಗುಲಾಮಗಿರಿಗೆ ಇನ್ನು ಹೆಚ್ಚು ಆಯಸ್ಸಿಲ್ಲ ಅನ್ನೋದು ತೋಟದ ದಣಿಗಳಿಗೆ ಗೊತ್ತಾಯ್ತು. ಸರಿಯಾಗಿ ಎರಡು ವಾರಕ್ಕೆ, ಸೆಪ್ಟೆಂಬರ್ 18ಕ್ಕೆ, ಇನ್ನೊಂದು ಕಾನೂನು ಬಂತು. ಅದು ಭೂ ಕಾನೂನು. ಇನ್ನು ಮುಂದೆ ಸರ್ಕಾರಿ ಜಮೀನು ಬೇಕಾದವರು ದುಡ್ಡು ಕೊಟ್ಟೇ ಕೊಳ್ಳಬೇಕು, ಉಳುಮೆ ಮಾಡ್ತಾ ಇದ್ದೀನಿ ಅಂತ ಹಕ್ಕು ಕೇಳೋ ಹಾಗಿಲ್ಲ ಅಂತ.

ಯೋಚನೆ ಮಾಡಿ. ಅಲ್ಲಿವರೆಗೆ ಖಾಲಿ ನೆಲಕ್ಕೆ ಹೋಗಿ ಗುಡಿಸಲು ಹಾಕಿ ಬೇಸಾಯ ಮಾಡಿದವರು ಆ ನೆಲ ನಮ್ಮದು ಅಂತ ಹೇಳಬಹುದಿತ್ತು. ನಾಳೆ ಲಕ್ಷಾಂತರ ಗುಲಾಮರು ಬಿಡುಗಡೆ ಆದರೆ ಅವರೂ ಹಾಗೇ ಮಾಡ್ತಿದ್ದರು. ಆಗ ದಣಿಯ ಕಾಫಿ ಕುಯ್ಯೋರು ಯಾರು? ಅದಕ್ಕೆ ಬಾಗಿಲು ತೆಗೆಯೋ ಮೊದಲೇ ಅಂಗಳಕ್ಕೆ ಬೇಲಿ ಹಾಕಿದರು. ಮುಂದೆ 38 ವರ್ಷ ಕಳೆದು ಬಿಡುಗಡೆ ಬಂದಾಗ, ಆ ಜನಕ್ಕೆ ಹೋಗೋಕೆ ನೆಲ ಇರಲಿಲ್ಲ.

ದೊಡ್ಡವರು ಮೊದಲೇ ಆಕ್ರಮಿಸಿದ್ದು ಏನಾಯ್ತು ಅಂತ ಕೇಳ್ತೀರಾ? ಅದನ್ನು ಊರಿನ ಚರ್ಚಿನ ಪಾದ್ರಿಯ ಬಳಿ ಹೋಗಿ ನೋಂದಣಿ ಮಾಡಿಸಿದರೆ ಸಾಕಿತ್ತು. ಎಷ್ಟು ಎಕರೆ ಅಂತ ದಣಿ ಹೇಳಿದ್ದೇ ಲೆಕ್ಕ. ಸುಳ್ಳು ಪತ್ರಗಳೂ ಹುಟ್ಟಿದವು. ಹೊಸ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಜೀರುಂಡೆಗಳನ್ನು ಬಿಟ್ಟರೆ ಅವು ಕಚ್ಚಿ, ಹೊಲಸು ಮಾಡಿ, ಕಾಗದ ಹಳದಿಯಾಗಿ ನೂರು ವರ್ಷ ಹಳೇದರಂತೆ ಕಾಣ್ತಿತ್ತಂತೆ. ಇವತ್ತಿಗೂ ಪೋರ್ಚುಗೀಸ್ ಭಾಷೆಯಲ್ಲಿ ಭೂಗಳ್ಳತನಕ್ಕೆ ಇರೋ ಪದ ಹುಟ್ಟಿದ್ದು ಆ ಹುಳದ ಹೆಸರಿನಿಂದ. ರೆಕಾರ್ಡ್ ರೂಮಿನ ಧೂಳು ಕುಡಿದ ನನಗೆ ಇದನ್ನು ಓದಿ ನಗು ಬಂತು, ಆಮೇಲೆ ನಗು ನಿಂತುಹೋಯ್ತು.

ನಮ್ಮ ಜೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ' ಬರೆದು ಅಮೆರಿಕದಲ್ಲಿ ಗುಲಾಮರ ಬಿಡುಗಡೆಗೆ ದುಡಿದ ಜನಕ್ಕೆ ಅರ್ಪಿಸಿದರು ಅನ್ನೋದು ನಮಗೆಲ್ಲಾ ಗೊತ್ತು. ಆ ಪುಸ್ತಕ ಬಂದ ಹಿಂದಿನ ವರ್ಷ, 1872ರಲ್ಲಿ, ಬ್ರೆಜಿಲ್‌ನ ಮೊದಲ ಜನಗಣತಿ ನಡೀತು. ಸುಮಾರು ಒಂದು ಕೋಟಿ ಜನರಲ್ಲಿ 15 ಲಕ್ಷ ಜನ ಇನ್ನೂ ಗುಲಾಮರು. ಉತ್ತರದ ಕಬ್ಬಿನ ಸೀಮೆಯಿಂದ ತಾಯಿ ಒಂದು ಕಡೆ ಮಕ್ಕಳು ಒಂದು ಕಡೆ ಆಗುವಂತೆ ಮಾರಿ ದಕ್ಷಿಣದ ಕಾಫಿ ತೋಟಗಳಿಗೆ ಸಾಗಿಸ್ತಾ ಇದ್ದ ಕಾಲ ಅದು.

ಕಾನೂನುಗಳು ಕಂತಿನಲ್ಲಿ ಬಂದವು. 1871ರ ಕಾನೂನು ಹೇಳಿತು: ಇನ್ನು ಮುಂದೆ ಗುಲಾಮ ತಾಯಿಗೆ ಹುಟ್ಟೋ ಮಗು ಸ್ವತಂತ್ರ. ಆದ್ರೆ ತಾಯಿಯ ಒಡೆಯ ಬಯಸಿದರೆ 21 ವರ್ಷ ಆಗೋವರೆಗೆ ಆ ಮಗುವಿನ ಕೈಲಿ ದುಡಿಸಿಕೊಳ್ಳಬಹುದು. 1885ರ ಕಾನೂನು ಹೇಳಿತು: 60 ವರ್ಷ ದಾಟಿದವರು ಸ್ವತಂತ್ರರು. ಆದ್ರೆ ಒಡೆಯನಿಗೆ ಪರಿಹಾರವಾಗಿ ಇನ್ನೂ ಮೂರು ವರ್ಷ ದುಡಿಯಬೇಕು. ಕಾಫಿ ತೋಟದಲ್ಲಿ 60 ವರ್ಷ ಬದುಕಿದ ಗುಲಾಮರು ಎಷ್ಟು ಜನ ಇದ್ದಾರು? ಓದುವಾಗ ನಮ್ಮ ಎಷ್ಟೋ ಯೋಜನೆಗಳ 'ಷರತ್ತುಗಳು ಅನ್ವಯ' ನೆನಪಾಯ್ತು.

ಈ ಹೊತ್ತಿನಲ್ಲಿ ಒಬ್ಬ ಮನುಷ್ಯನ ಹೆಸರು ನೀವು ತಿಳಿದಿರಲೇಬೇಕು. ಲೂಯಿಸ್ ಗಾಮಾ. 1830ರಲ್ಲಿ ಹುಟ್ಟಿದವರು. ತಾಯಿ ಸ್ವತಂತ್ರಳಾದ ಆಫ್ರಿಕನ್ ಹೆಂಗಸು, ತಂದೆ ಬಿಳಿಯ. ಹತ್ತು ವರ್ಷದ ಮಗುವಾಗಿದ್ದಾಗ ಆ ತಂದೆಯೇ ಅವರನ್ನು ಗುಲಾಮನಾಗಿ ಮಾರಿದ. ಹದಿನೇಳರ ವಯಸ್ಸಲ್ಲಿ ಅಕ್ಷರ ಕಲಿತರು, ತಾನು ಹುಟ್ಟಾ ಸ್ವತಂತ್ರ ಅನ್ನೋ ಸಾಕ್ಷ್ಯ ಹುಡುಕಿ ಬಿಡುಗಡೆ ಆದರು. ಪೊಲೀಸ್ ಇಲಾಖೆಯಲ್ಲಿ ಬರವಣಿಗೆ ಕೆಲಸ ಮಾಡಿದರು, ಅಂದ್ರೆ ನನ್ನ ಹಾಗೆ ಗುಮಾಸ್ತರು. ಪದವಿ ಇಲ್ಲದೆ ಕಾನೂನು ಓದಿ ಸಾವೊ ಪಾಲೊ ಕೋರ್ಟುಗಳಲ್ಲಿ ವಾದ ಮಾಡಿ 500ಕ್ಕೂ ಹೆಚ್ಚು ಜನರನ್ನು ಗುಲಾಮಗಿರಿಯಿಂದ ಬಿಡಿಸಿದರು. ಅವರ ದೊಡ್ಡ ಅಸ್ತ್ರ ಯಾವುದು ಗೊತ್ತಾ? ಯಾರೂ ಲೆಕ್ಕಕ್ಕೇ ಇಡದಿದ್ದ ಆ 1831ರ ಕಾನೂನು. ಆ ವರ್ಷದ ನಂತರ ಹಡಗಿನಲ್ಲಿ ತಂದವರೆಲ್ಲಾ ಕಾನೂನಿನ ಪ್ರಕಾರ ಸ್ವತಂತ್ರರು, ಅವರನ್ನು ಇಟ್ಟುಕೊಂಡವರೇ ಅಪರಾಧಿಗಳು ಅಂತ ವಾದಿಸಿದರು. ಸತ್ತ ಕಾನೂನಿಗೆ ಜೀವ ಕೊಟ್ಟರು. ಬಿಡುಗಡೆಯ ದಿನ ನೋಡೋಕೆ ಅವರು ಇರಲಿಲ್ಲ, 1882ರಲ್ಲೇ ತೀರಿಕೊಂಡರು. ಆ ದೇಶದ ವಕೀಲರ ಸಂಘ ಅವರಿಗೆ ವಕೀಲ ಅನ್ನೋ ಪಟ್ಟ ಕೊಟ್ಟಿದ್ದು 2015ರಲ್ಲಿ.

1881ರಲ್ಲಿ ಉತ್ತರದ ಸಿಯಾರಾ ಪ್ರಾಂತ್ಯದಲ್ಲಿ ತೆಪ್ಪ ನಡೆಸೋ ಬಡವರು ಒಂದು ಮುಷ್ಕರ ಮಾಡಿದರು. ದಕ್ಷಿಣಕ್ಕೆ ಮಾರಿದ ಗುಲಾಮರನ್ನು ದಡದಿಂದ ಹಡಗಿಗೆ ನಾವು ಸಾಗಿಸಲ್ಲ ಅಂದುಬಿಟ್ಟರು. 1884ರಲ್ಲಿ ಆ ಪ್ರಾಂತ್ಯ ದೇಶಕ್ಕಿಂತ ಮೊದಲೇ ಗುಲಾಮಗಿರಿ ರದ್ದು ಮಾಡಿತು. 1887ರಲ್ಲಿ ಸಾವೊ ಪಾಲೊ ತೋಟಗಳಿಂದ ಗುಲಾಮರು ಗುಂಪುಗುಂಪಾಗಿ ಎದ್ದು ನಡೆದರು. ಅವರನ್ನು ಹಿಡಿಯೋ ಕೆಲಸ ನಮಗೆ ಕೊಡಬೇಡಿ ಅಂತ ಸೈನ್ಯದ ಅಧಿಕಾರಿಗಳೇ ಮನವಿ ಕೊಟ್ಟರು. ವ್ಯವಸ್ಥೆ ಆಗಲೇ ಕುಸಿದಿತ್ತು. ಆಮೇಲೆ 1888ರ ಮೇ 13ರಂದು ರಾಜಕುಮಾರಿ ಇಸಾಬೆಲ್ ಸಹಿ ಹಾಕಿದಳು. ಅಮೆರಿಕ ಖಂಡಗಳಲ್ಲೇ ಕಟ್ಟಕಡೆಗೆ ಗುಲಾಮಗಿರಿ ಬಿಟ್ಟ ದೇಶ ಬ್ರೆಜಿಲ್. ಆ ಕಾನೂನಿನಲ್ಲಿ ಎರಡೇ ಕಲಂ. ಗುಲಾಮಗಿರಿ ರದ್ದಾಗಿದೆ. ಇದಕ್ಕೆ ವಿರುದ್ಧವಾದ ಕಾನೂನುಗಳೂ ರದ್ದು. ಅಷ್ಟೇ. ಭೂಮಿ ಇಲ್ಲ, ಪರಿಹಾರ ಇಲ್ಲ, ಶಾಲೆ ಇಲ್ಲ.

ಪರಿಹಾರ ಕೇಳಿದವರು ಇದ್ದರು, ಗುಲಾಮರಲ್ಲ, ಒಡೆಯರು. ನಮ್ಮ ಸೊತ್ತು ಹೋಯ್ತು, ದುಡ್ಡು ಕೊಡಿ ಅಂದರು. 1890ರ ಡಿಸೆಂಬರಿನಲ್ಲಿ ಹಣಕಾಸು ಮಂತ್ರಿ ರೂಯ್ ಬರ್ಬೊಸಾ ಗುಲಾಮಗಿರಿಗೆ ಸಂಬಂಧಪಟ್ಟ ಖಜಾನೆ ದಾಖಲೆಗಳನ್ನು ಸುಡೋಕೆ ಆದೇಶ ಹೊರಡಿಸಿದ. ಒಡೆಯರು ಪರಿಹಾರ ಕೇಳದ ಹಾಗೆ ಮಾಡೋಕೆ ಸುಟ್ಟದ್ದು ಅಂತ ಒಂದು ವಾದ ಇದೆ, ಇರಬಹುದು. ಆದ್ರೆ ಕಡತ ಸುಟ್ಟರೆ ಎರಡೂ ಕಡೆಯವರ ಸಾಕ್ಷಿ ಸುಡುತ್ತೆ. ನಾಳೆ ಗುಲಾಮರ ಮೊಮ್ಮಕ್ಕಳು ಬಂದು ನಮ್ಮ ತಾತನ ಎಷ್ಟು ವರ್ಷದ ದುಡಿಮೆ ನಿಮ್ಮ ಹತ್ತಿರ ಬಾಕಿ ಇದೆ ಅಂತ ಕೇಳಿದರೆ ತೋರಿಸೋಕೆ ಏನಿದೆ?

ಬಿಡುಗಡೆ ಆದ ಮೇಲೆ ಅದೇ ಕೆಲಸಕ್ಕೆ ಕೂಲಿ ಕೊಟ್ಟು ಇವರನ್ನೇ ಇಟ್ಟುಕೊಂಡರಾ? ಸಾವೊ ಪಾಲೊ ಸರ್ಕಾರ ಜನರ ತೆರಿಗೆ ದುಡ್ಡಲ್ಲಿ ಹಡಗು ಟಿಕೆಟ್ ತೆಗೆಸಿ ಇಟಲಿಯಿಂದ ಲಕ್ಷಗಟ್ಟಲೆ ಬಿಳಿ ಕೂಲಿಗಳನ್ನು ತಂದಿತು. ಅವರನ್ನೂ ಎಷ್ಟು ಕೆಟ್ಟದಾಗಿ ನಡೆಸಿಕೊಂಡರು ಅಂದ್ರೆ 1902ರಲ್ಲಿ ಇಟಲಿ ಸರ್ಕಾರ ಆ ಪುಕ್ಕಟೆ ಟಿಕೆಟ್ ವಲಸೆಯನ್ನೇ ನಿಲ್ಲಿಸಿತು. ಆಮೇಲೆ 1908ರಲ್ಲಿ ಜಪಾನಿನಿಂದ ಮೊದಲ ಹಡಗು ಬಂತು. ನೂರಾರು ವರ್ಷ ಆ ನೆಲ ದುಡಿದವರು ನಗರದ ಗುಡ್ಡಗಳ ಮೇಲೆ ಗುಡಿಸಲು ಹಾಕಿಕೊಂಡರು. ಓಟು? ಓದು ಬರೆಹ ಬಾರದವರಿಗೆ ಓಟಿಲ್ಲ ಅಂತ 1881ರಲ್ಲಿ ಆದ ಕಾನೂನು ಗಣರಾಜ್ಯ ಬಂದ ಮೇಲೂ ಮುಂದುವರೀತು. ಅನಕ್ಷರಸ್ಥರಿಗೆ ಓಟಿನ ಹಕ್ಕು ಸಿಕ್ಕಿದ್ದು 1985ರಲ್ಲಿ. ಓದದ ನನ್ನಜ್ಜಿ ಅದಕ್ಕೆ ಎಷ್ಟೋ ವರ್ಷ ಮೊದಲೇ ಬೆರಳಿಗೆ ಶಾಯಿ ಹಾಕಿಸಿಕೊಂಡಿದ್ದಳು. ಬಾಬಾಸಾಹೇಬರು ಎಲ್ಲರಿಗೂ ಓಟು ಅಂತ ಯಾಕೆ ಅಷ್ಟು ಹಟ ಹಿಡಿದರು ಅನ್ನೋದು ಬ್ರೆಜಿಲ್ ಓದಿದ ಮೇಲೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ.

ಅದೇ ಸಮಯಕ್ಕೆ ತೋಟದ ದಣಿಗಳಿಗೆ ಸರ್ಕಾರ ಏನು ಮಾಡಿತು ನೋಡಿ. 1906ರಲ್ಲಿ ಬೆಳೆ ಮಿತಿಮೀರಿ ದರ ಬೀಳೋ ಹಾಗಾಯ್ತು. ಮೂರು ಕಾಫಿ ರಾಜ್ಯಗಳು ತೌಬಾತೆ ಅನ್ನೋ ಊರಲ್ಲಿ ಸೇರಿ ಒಪ್ಪಂದ ಮಾಡಿಕೊಂಡವು. ವಿದೇಶಿ ಸಾಲ ತಂದು ಕಾಫಿ ಕೊಂಡು ಗೋದಾಮಿನಲ್ಲಿಟ್ಟು ದರ ಹಿಡಿದು ನಿಲ್ಲಿಸಿದರು. 1929ರ ಕುಸಿತದ ನಂತರ ಗೋದಾಮುಗಳೂ ಸಾಲದೆ 1931ರಿಂದ 1944ರವರೆಗೆ 7 ಕೋಟಿ 80 ಲಕ್ಷ ಚೀಲ ಕಾಫಿ ಸುಟ್ಟು, ಸಮುದ್ರಕ್ಕೆ ಸುರಿದು ನಾಶ ಮಾಡಿದರು. ಇಡೀ ಪ್ರಪಂಚ ಸುಮಾರು ಮೂರು ವರ್ಷ ಕುಡಿಯೋವಷ್ಟು ಕಾಫಿ. ಬೆಳೆಗೆ ಬೆಂಬಲ ಬೆಲೆ ಬೇಡ ಅಂತ ನಾನು ಹೇಳ್ತಿಲ್ಲ, ರೈತನಿಗೆ ಅದು ಬೇಕು. ಆದ್ರೆ ಚೀಲದ ದರ ಬೀಳಬಾರದು ಅಂತ ದೇಶವನ್ನೇ ಸಾಲಕ್ಕೆ ಒತ್ತೆ ಇಟ್ಟವರಿಗೆ ಚೀಲ ತುಂಬಿದವರ ಕೂಲಿ ಬೀಳಬಾರದು ಅಂತ ಒಮ್ಮೆಯೂ ಅನ್ನಿಸಲಿಲ್ಲ.

1963ರಲ್ಲಿ ಕೃಷಿ ಕಾರ್ಮಿಕರಿಗೆ ರಜೆ, ಕನಿಷ್ಠ ಕೂಲಿ ಅಂತ ಕಾನೂನು ಬಂತು. ದಣಿಗಳು ತೋಟದ ಮನೆಗಳಿಂದ ಜನರನ್ನು ಎಬ್ಬಿಸಿ ಹೊರಗೆ ಹಾಕಿದರು. ಅದೇ ಜನ ಪಟ್ಟಣದ ಅಂಚಿಂದ ಮುಂಜಾನೆ ಲಾರಿ ಹತ್ತಿ ದಿನಗೂಲಿಗೆ ಬರೋ ಹಾಗಾಯ್ತು. ಅವರಿಗೆ ಅಲ್ಲಿ 'ತಣ್ಣನೆ ಬುತ್ತಿ'ಯವರು ಅಂತಾರೆ, ಬೆಳಗಿನ ಜಾವ ಕಟ್ಟಿದ ಅನ್ನ ತಣ್ಣಗಾದ ಮೇಲೆ ತೋಟದಲ್ಲಿ ಕೂತು ತಿನ್ನೋರು ಅಂತ. ನಮ್ಮೂರಿನ ಪಿಕಪ್ ವ್ಯಾನುಗಳು ಕಣ್ಣ ಮುಂದೆ ಬಂದವಾ?

ಇದೆಲ್ಲಾ ಹಳೇ ಕಥೆ ಅನ್ನೋರಿಗೆ ಹೇಳ್ತೀನಿ. 1995ರಲ್ಲಿ ಬ್ರೆಜಿಲ್ ಸರ್ಕಾರವೇ ನಮ್ಮಲ್ಲಿ ಗುಲಾಮಗಿರಿ ಇನ್ನೂ ಇದೆ ಅಂತ ಒಪ್ಪಿಕೊಂಡು ದಾಳಿ ಮಾಡೋ ತಪಾಸಣಾ ತಂಡಗಳನ್ನು ಮಾಡಿತು. ಅಲ್ಲಿಂದ ಇಲ್ಲಿವರೆಗೆ ಬಿಡಿಸಿದವರು 60 ಸಾವಿರಕ್ಕೂ ಹೆಚ್ಚು. 2023 ಒಂದೇ ವರ್ಷ 3 ಸಾವಿರಕ್ಕೂ ಹೆಚ್ಚು ಜನ, ಅದರಲ್ಲಿ ಸುಮಾರು 300 ಜನ ಕಾಫಿ ತೋಟಗಳಿಂದ. ಆ ವರ್ಷ ಯಾವ ಬೆಳೆಗಿಂತಲೂ ಹೆಚ್ಚು. ಬಿಡುಗಡೆ ಆದವರಲ್ಲಿ ಬಹುಪಾಲು ಕಪ್ಪು ಮತ್ತು ಮಿಶ್ರವರ್ಣದ ಜನ. ಬರದ ಸೀಮೆಯಿಂದ ಅವರನ್ನು ಮುಂಗಡ ಕೊಟ್ಟು ಕರ್ಕೊಂಡು ಬರೋನಿಗೆ ಅಲ್ಲಿ 'ಬೆಕ್ಕು' ಅಂತಾರೆ. ನಮ್ಮಲ್ಲಿ ಮೇಸ್ತ್ರಿ ಅಂತೀವಿ. ಬಸ್ ಚಾರ್ಜು, ಅಕ್ಕಿ, ಕೆಲಸದ ಸಾಮಾನು ಎಲ್ಲಾ ಸಾಲದ ಲೆಕ್ಕಕ್ಕೆ. ತಪ್ಪು ಮಾಡಿ ಸಿಕ್ಕಿಬಿದ್ದ ಮಾಲೀಕರ ಹೆಸರನ್ನು ಅಲ್ಲಿ ಸರ್ಕಾರವೇ ಪ್ರಕಟಿಸುತ್ತೆ, ಅದಕ್ಕೆ 'ಕೊಳಕು ಪಟ್ಟಿ' ಅಂತ ಹೆಸರು. ಆ ಪಟ್ಟಿಯಲ್ಲಿ ಕಾಫಿ ತೋಟದವರು ಮತ್ತೆ ಮತ್ತೆ ಬರ್ತಾರೆ.

ಆ ಜನ ಏನು ಗೆದ್ದರು ಅದನ್ನೂ ಹೇಳಬೇಕು. ತಪ್ಪಿಸಿಕೊಂಡ ಗುಲಾಮರು ಕಟ್ಟಿದ ಊರುಗಳಿಗೆ ಕಿಲೊಂಬೊ ಅಂತಾರೆ. ಬಿಡುಗಡೆಯಾಗಿ ಸರಿಯಾಗಿ ನೂರು ವರ್ಷಕ್ಕೆ, 1988ರ ಸಂವಿಧಾನದಲ್ಲಿ, ಆ ಊರಿನವರಿಗೆ ಅವರು ಕೂತ ನೆಲದ ಹಕ್ಕುಪತ್ರ ಕೊಡಬೇಕು ಅಂತ ಬರೆಸಿದರು. 2022ರ ಜನಗಣತಿ ಅವರನ್ನು ಮೊದಲ ಸಲ ಬೇರೆ ಕಾಲಂ ಮಾಡಿ ಎಣಿಸಿತು. 13 ಲಕ್ಷ ಜನ. ಹಕ್ಕುಪತ್ರ ಆಗಿರೋ ನೆಲದಲ್ಲಿ ಬದುಕ್ತಿರೋರು ನೂರಕ್ಕೆ ಐದು ಜನರೂ ಇಲ್ಲ. ವಿಶ್ವವಿದ್ಯಾಲಯಗಳಲ್ಲಿ ಮೀಸಲಾತಿ ಗೆದ್ದರು, 2012ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ಎತ್ತಿಹಿಡೀತು. ಮತ್ತೆ ಅವರು ರಾಜಕುಮಾರಿ ಸಹಿ ಹಾಕಿದ ಮೇ 13 ನಮ್ಮ ಹಬ್ಬ ಅಲ್ಲ ಅಂತಾರೆ. ಪಲ್ಮಾರಿಸ್ ಕಿಲೊಂಬೊದ ಹೋರಾಟಗಾರ ಜುಂಬಿ ಸತ್ತ ನವೆಂಬರ್ 20 ಅವರ ದಿನ. 2024ರಿಂದ ಅದು ಇಡೀ ದೇಶಕ್ಕೆ ರಜೆ. ಕೊರೆಗಾಂವಿಗೆ ಹೋಗಿ ಬಂದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಘಟ್ಟಕ್ಕೆ ಬನ್ನಿ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಜಾತಿಯನ್ನು ಹಡಗಿನಲ್ಲಿ ತಂದಿದ್ದಲ್ಲ, ಅದು ಹುಟ್ಟಿನಲ್ಲೇ ಅಂಟಿಸಿದ್ದು. ಆದ್ರೆ ಕೊಡಗಿನ ಹಳೇ ಬ್ರಿಟಿಷ್ ದಾಖಲೆಗಳಲ್ಲಿ ಹೊಲೆಯರನ್ನು ಹೇಗೆ ಬರೆದಿದ್ದಾರೆ ಗೊತ್ತಾ? ಭೂಮಿ ಜಮ್ಮದವರು, ಅಂದ್ರೆ ಜಮೀನಿನ ಜೊತೆಗೇ ಕೈ ಬದಲಾಗೋರು. ಒಕ್ಕಲು ಜಮ್ಮದವರು, ಅಂದ್ರೆ ಒಡೆಯನ ಸೊತ್ತು, ಮಾರಬಹುದಾದವರು. 1850ರ ದಶಕದಲ್ಲಿ ಬಿಳಿಯರ ಕಾಫಿ ತೋಟಗಳು ಅಲ್ಲಿ ಎದ್ದಾಗ ದುಡಿಯೋಕೆ ಭೂಮಿ ಇಲ್ಲದ ಜನ ಸಿದ್ಧವಾಗೇ ಇದ್ದರು.

ನಮ್ಮ ಭೂಸುಧಾರಣಾ ಕಾಯ್ದೆಯನ್ನು ತೆಗೆದು ನೋಡಿ. ಅರಸು ಕಾಲದ ಆ ಕಾಯ್ದೆ ಎಷ್ಟೋ ಗೇಣಿದಾರರಿಗೆ ಭೂಮಿ ಕೊಟ್ಟಿತು, ನಿಜ. ಆದ್ರೆ 104ನೇ ಕಲಂ ಪ್ಲಾಂಟೇಶನ್‌ಗಳನ್ನು ಭೂಮಿತಿಯಿಂದ ಹೊರಗಿಟ್ಟಿತು. ಕಾಫಿ, ಟೀ, ಏಲಕ್ಕಿ, ರಬ್ಬರ್, ಮೆಣಸು. ಹಾಗಾಗಿ ಘಟ್ಟದ ಮೇಲೆ 'ಉಳುವವನೇ ಒಡೆಯ' ಅನ್ನೋ ಮಾತು ಹತ್ತಲೇ ಇಲ್ಲ. ಮೊನ್ನೆ ಮೊನ್ನೆ, ಸರ್ಕಾರಿ ಜಮೀನು ಒತ್ತುವರಿ ಮಾಡಿ ಕಾಫಿ ಹಾಕಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಬಹುದು ಅಂತ ಕಂದಾಯ ಕಾಯ್ದೆಗೆ ತಿದ್ದುಪಡಿ ಆಯ್ತು. ಅದೇ ಕೊಡಗಿನ ದಿಡ್ಡಳ್ಳಿಯಲ್ಲಿ 2016ರ ಡಿಸೆಂಬರ್ ಚಳಿಯಲ್ಲಿ ಗುಡಿಸಲು ಹಾಕಿದ ಆದಿವಾಸಿಗಳ ಮೇಲೆ ಜೆಸಿಬಿ ಬಂದಿತ್ತು. ಒಬ್ಬರ ಒತ್ತುವರಿಗೆ ಗುತ್ತಿಗೆ ಪತ್ರ, ಇನ್ನೊಬ್ಬರ ಗುಡಿಸಲಿಗೆ ಜೆಸಿಬಿ. ಬ್ರೆಜಿಲ್‌ನ 1850 ನೆನಪಾಗಲಿಲ್ವಾ?

ಕಾಫಿ ಬೆಳೆಗಾರರೆಲ್ಲಾ ಶ್ರೀಮಂತರಲ್ಲ ಅನ್ನೋದು ನನಗೂ ಗೊತ್ತು. ಎರಡು ಮೂರು ಎಕರೆ ಇಟ್ಟುಕೊಂಡು 2001ರ ಹೊತ್ತಿಗೆ ದರ ನೆಲಕಚ್ಚಿದಾಗ ಸಾಲದಲ್ಲಿ ಮುಳುಗಿದವರು ಎಷ್ಟೋ ಜನ. ಆಗಲೂ ಬ್ರೆಜಿಲ್, ವಿಯೆಟ್ನಾಂ ಬೆಳೆಯೇ ಕಾರಣ ಆಗಿತ್ತು. ನನ್ನ ತಕರಾರು ಇಷ್ಟೇ. ದರ ಬಿದ್ದಾಗ, "ಬ್ರೆಜಿಲ್ ಬೆಳೆ ಜಾಸ್ತಿ, ಕೂಲಿ ಏರಿಸೋಕೆ ಆಗಲ್ಲ" ಅಂತ ಲೈನ್ ಮನೆಗೆ ಬಂದು ಹೇಳ್ತಾರೆ. ದರ ಏರಿದಾಗ, "ನಿಮಗೂ ಬ್ರೆಜಿಲ್‌ಗೂ ಏನು ಸಂಬಂಧ" ಅಂತಾರೆ. ಸಂಬಂಧ ನಷ್ಟದಲ್ಲಿ ಮಾತ್ರ ಇರೋಕೆ ಸಾಧ್ಯ ಇಲ್ಲ.

ಅದಕ್ಕೆ ಗೆಳೆಯರಲ್ಲಿ ನನ್ನ ಕೋರಿಕೆ. ಮಲೆನಾಡಿನ ತಾಲೂಕುಗಳಲ್ಲಿ ಇರೋರು ಮೂರು ಕೆಲಸ ಮಾಡಿ. ನಿಮ್ಮ ಹೋಬಳಿಯಲ್ಲಿ ನಮೂನೆ 50, 53, 57ರಲ್ಲಿ ನಮ್ಮವರು ಹಾಕಿದ ಅರ್ಜಿಗಳು ಯಾವ ಹಂತದಲ್ಲಿವೆ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಅದೇ ಹೋಬಳಿಯಲ್ಲಿ ಪ್ಲಾಂಟೇಶನ್ ಗುತ್ತಿಗೆಗೆ ಬಂದ ಅರ್ಜಿ ಎಷ್ಟು, ಎಷ್ಟು ಎಕರೆ ಅಂತಲೂ ಕೇಳಿ. ಎರಡೂ ಪಟ್ಟಿ ಪಕ್ಕಪಕ್ಕ ಇಡಿ. ಇನ್ನೊಂದು, ಲೈನ್ ಮನೆಯ ಹಿರಿಯರ ಹತ್ತಿರ ಹಳೇ ಕೂಲಿ ಚೀಟಿ, ಪಡಿತರ ಚೀಟಿ, ಮುಂಗಡದ ಲೆಕ್ಕದ ಪುಸ್ತಕ, ಏನೇ ಇದ್ದರೂ ಫೋಟೊ ತೆಗೆದು ಜೋಪಾನ ಮಾಡಿ. ನಮ್ಮ ಕಡತವನ್ನು ಯಾರೂ ಬೆಂಕಿಗೆ ಹಾಕಬೇಕಾಗಿಲ್ಲ. ಗೆದ್ದಲು ಸಾಕು, ಮಳೆ ಸಾಕು, "ಫೈಲ್ ಸಿಗ್ತಾ ಇಲ್ಲ" ಅನ್ನೋ ಒಂದು ಹಿಂಬರಹ ಸಾಕು. ಇದನ್ನು ಒಳಗೆ ಕೂತು ನೋಡಿದವನಾಗಿ ಹೇಳ್ತಾ ಇದ್ದೀನಿ. ಲೂಯಿಸ್ ಗಾಮಾ ಗೆದ್ದದ್ದು ಒಂದು ಮರೆತ ಕಾನೂನು ಮತ್ತು ಒಂದೊಂದೇ ಕಾಗದ ಹಿಡಕೊಂಡು.

ಸಹೋದ್ಯೋಗಿಗೆ ಇದನ್ನೆಲ್ಲಾ ಊಟದ ಹೊತ್ತಲ್ಲಿ ಕಂತು ಕಂತಾಗಿ ಹೇಳಿದೆ. ಕೇಳಿಸಿಕೊಂಡರು. ಒಂದಿನ, "ನಮ್ಮ ತೋಟದಲ್ಲಿ ಆ ಲೈನ್ ಮನೆ ಕಟ್ಟಿ ಎಷ್ಟು ವರ್ಷ ಆಯ್ತೋ ನಂಗೇ ಗೊತ್ತಿಲ್ಲ ಕಣ್ರೀ" ಅಂದ್ರು. ಕೂಲಿ ಏರಿಸಿದ್ರಾ ಅಂತ ನಾನಿನ್ನೂ ಕೇಳಿಲ್ಲ. ಮುಂದಿನ ಕುಯ್ಲಿಗೆ ಮೊದಲು ಕೇಳ್ತೀನಿ.

ಜೈಭೀಮ್.